ಮುರಿಯಲೆಂದೇ ಮಾಡುವ ತಕ್ಕಡಿ

ಬೆಳಕು ಹರಿಯುವ ಮುನ್ನವೇ ನಮ್ಮೂರ ರಂಗಮಂದಿರದ ಹಿಂಬಾಗಿಲ ಬೀಗ ತೆರೆಯುತ್ತದೆ. ನೆಲಮಾಳಿಗೆಯ ಕೋಣೆಯಲ್ಲಿ ಸ್ತೋಯ್ಕಾ ಗ್ರಂಚಾರೋವಾ ಒಲೆಗೆ ಎರಡು ಕೊರಡು ತುರುಕಿ, ಕನ್ನಡಕ ಏರಿಸಿ, ತಕ್ಕಡಿಯ ಮರದ ದಂಡವನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಾರೆ. ಸಣ್ಣ ಗರಗಸದಿಂದ ಅದರ ಅಡಿಭಾಗವನ್ನು ಅರ್ಧದವರೆಗೆ ಕೊಯ್ದು, ಸೀಳಿಗೆ ಜೇನುಮೇಣ ಮತ್ತು ಮರದ ಪುಡಿ ಕಲಸಿ ತುಂಬಿ, ಮೇಲೆ ಬಣ್ಣ ಬಳಿಯುತ್ತಾರೆ. ಬಣ್ಣ ಒಣಗಿದರೆ ಕೊಯ್ದ ಜಾಗ ದೇವರಿಗೂ ಕಾಣದು.

"ಎಷ್ಟು ಚೆಂದ ಮಾಡ್ತೀನೋ ಅಷ್ಟೇ ಚೆಂದ ಮುರೀಬೇಕು. ಇದಕ್ಕೇ ಸಂಬಳ ಕೊಡ್ತಾರೆ ನನಗೆ," ಎಂದು ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ನಟರಿಗೆ ಹೂಗುಚ್ಛ ಸಿಗುತ್ತದೆ, ನಿರ್ದೇಶಕರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಅವರ ಕೈಯಲ್ಲಿರುವ ಕತ್ತಿ, ಕೊಡ, ರೊಟ್ಟಿ, ಸತ್ತ ಕೋಳಿ ಎಲ್ಲಿಂದ ಬಂತೆಂದು ಕೇಳಿದವರಿಲ್ಲ. ಹಡಗುಕಟ್ಟೆಯ ಬಡಗಿಯಾಗಿದ್ದ ಗಂಡ ತೀರಿಕೊಂಡಾಗ ಅವನ ಉಳಿ ಗರಗಸ ಹೊತ್ತುಕೊಂಡು ಈ ನೆಲಮಾಳಿಗೆಗೆ ಇಳಿದವರು ಸ್ತೋಯ್ಕಾ. ಅಂದಿನಿಂದ ಇಲ್ಲಿನ ರಂಗಪರಿಕರವೆಲ್ಲ ಅವರದೇ ಕೈಕೆಲಸ. ಎಲ್ಲರೂ ಕರೆಯುವುದು 'ಚಿಕ್ಕಮ್ಮ' ಎಂದು. ಡ್ಯಾನ್ಯೂಬ್ ನದಿಯ ಥಂಡಿಗೆ ಬೆರಳ ಗೆಣ್ಣುಗಳು ಊದಿಕೊಂಡಿವೆ. ಗರಗಸ ಹಿಡಿಯುವ ಮೊದಲು ಬಿಸಿ ಚಹಾದ ಲೋಟವನ್ನು ಅಂಗೈಯಲ್ಲಿ ಹೊರಳಿಸಿಕೊಳ್ಳುತ್ತಾರೆ.

ಪ್ರತಿ ಚಳಿಗಾಲವೂ ಇಲ್ಲಿ ಒಂದು ಹಳೆಯ ಕಾದಂಬರಿಯ ನಾಟಕ ನಡೆಯುತ್ತದೆ. ಪ್ರವಾಹಕ್ಕೆ ಸಿಕ್ಕ ಊರಿನವರು ಬೆಟ್ಟದ ಮಠ ಸೇರುತ್ತಾರೆ. ಇದ್ದಷ್ಟು ರೊಟ್ಟಿಯನ್ನು ತಕ್ಕಡಿಯಲ್ಲಿ ತೂಗಿ ಸಮನಾಗಿ ಹಂಚಿಕೊಳ್ಳುತ್ತಾರೆ. ಹಸಿವು ಹೆಚ್ಚಾದಾಗ ತಕ್ಕಡಿಯನ್ನೇ ಮುರಿದುಹಾಕುತ್ತಾರೆ. ಆಮೇಲೆ ಒಬ್ಬರನ್ನೊಬ್ಬರು ಮುರಿಯತೊಡಗುತ್ತಾರೆ. ನಮ್ಮಲ್ಲಿ ಶಾಲೆಗೆ ಹೋದವರೆಲ್ಲ ಇದನ್ನು ಓದಿದ್ದೇವೆ. ತಕ್ಕಡಿ ಎಂದರೆ ವಿವೇಕ, ಅದು ಮುರಿದರೆ ಮನುಷ್ಯ ಮೃಗ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೇವೆ.

ಮೊದಲ ಅಂಕದಲ್ಲಿ ನಿಜವಾದ ರೊಟ್ಟಿ ತೂಗುವುದರಿಂದ ದಂಡ ಗಟ್ಟಿಯಾಗಿರಬೇಕು. ಮಧ್ಯಂತರದಲ್ಲಿ ಚಿಕ್ಕಮ್ಮ ಅದನ್ನಿಳಿಸಿ, ಕೊಯ್ದಿಟ್ಟ ದಂಡವನ್ನು ನೇತುಹಾಕುತ್ತಾರೆ. ಕೊನೆಯ ಅಂಕದಲ್ಲಿ ನಾಯಕನಟ ಬೋರಿಲ್ ಅದನ್ನು ಮೊಣಕಾಲಿಗೆ ಬಡಿದರೆ ಲಟಕ್ಕೆಂದು ಎರಡಾಗುತ್ತದೆ.

ಹೋದ ತಿಂಗಳ ಒಂದು ಶನಿವಾರ ಮಧ್ಯಂತರದಲ್ಲಿ ಯಾರದೋ ಅಂಗಿಯ ತೋಳು ಹರಿದಿತ್ತು. ಹೊಲಿಯುತ್ತ ಕುಳಿತ ಚಿಕ್ಕಮ್ಮ ದಂಡ ಬದಲಿಸುವುದನ್ನು ಮರೆತರು.

"ಬೋರಿಲ್ ಒಂದ್ಸಲ ಬಡಿದ, ಮುರೀಲಿಲ್ಲ. ಇನ್ನೊಂದ್ಸಲ ಬಡಿದು ಮೊಣಕಾಲು ಹಿಡ್ಕೊಂಡ. ಜನ ನಕ್ರು. ನಾನು ಸೈಡ್ ವಿಂಗಲ್ಲಿ ಸೂಜಿ ಹಿಡ್ಕೊಂಡೇ ನಿಂತಿದ್ದೆ. ಹಿಂದಿನ ಸಾಲಿಂದ ಯಾರೋ 'ಹಾಕೋ, ಇನ್ನೊಂದು ಹಾಕೋ!' ಅಂದ್ರು. ಆಮೇಲೆ ಎಲ್ರೂ ಸೇರಿ ಕೂಗೋಕೆ ಶುರು. ಒಬ್ಬ ರಂಗದ ಮೇಲೆ ಹತ್ತಿದ. ಅವನ ಹಿಂದೆ ಹಿಂಡು."

ಹತ್ತಿದವರು ದಂಡವನ್ನು ಬೂಟುಗಾಲಿನಲ್ಲಿ ತುಳಿದರು, ಬೆಂಚು ಎತ್ತಿ ಅದರ ಮೇಲೆ ಕುಕ್ಕಿದರು. ತಡೆಯಹೋದ ಬೋರಿಲ್‌ನ ಕೈ ಬೆಂಚಿನಡಿ ಸಿಕ್ಕಿ ಮುರಿಯಿತು. ಅವನ ಚೀರಾಟಕ್ಕೆ ಚಪ್ಪಾಳೆ ಬಿತ್ತು. ಅದೂ ನಾಟಕವೇ ಎಂದುಕೊಂಡರಂತೆ.

"ಮೊದಲು ಹತ್ತಿದೋನು ಗೆಂಚೊ ಕಣಪ್ಪಾ. ನಮ್ಮ ಪಕ್ಕದ ಮನೆಯೋನು! ನನ್ನ ಒಲೆಗೆ ಸೌದೆ ಸೀಳಿಕೊಡೋನು, ಬೀದಿ ಬೆಕ್ಕಿಗೆ ಹಾಲಿಡೋನು. ಮಾರನೇ ದಿನ ಮೆಣಸಿನಕಾಯಿ ಉಪ್ಪಿನಕಾಯಿ ಜಾಡಿ ಹಿಡ್ಕೊಂಡು ಬಂದ. ಕ್ಷಮೆ ಕೇಳ್ತಾನೆ ಅಂದ್ಕೊಂಡೆ. 'ಸುಳ್ಳು ಯಾಕೆ ಹೇಳ್ಲಿ ಚಿಕ್ಕಮ್ಮ, ಎಷ್ಟೋ ವರ್ಷ ಆಗಿತ್ತು ಎದೆ ಇಷ್ಟು ಹಗುರ ಆಗಿ' ಅಂದ. ಆ ಜಾಡಿ ಮುಚ್ಚಳ ಇನ್ನೂ ತೆಗೆದಿಲ್ಲ ನಾನು."

ಪ್ರದರ್ಶನ ನಿಂತಿತೇ? ಇಲ್ಲ. ಸುದ್ದಿ ಹರಡಿ, ಪಕ್ಕದೂರಿನವರೂ ಟಿಕೆಟ್ಟಿಗೆ ಸಾಲುಗಟ್ಟಿದ್ದಾರೆ. ಬೋರಿಲ್ ಜಾಗಕ್ಕೆ ಬೇರೆ ನಟ ಬಂದಿದ್ದಾನೆ. ಇಂದು ಮತ್ತೆ ಶನಿವಾರ. ಚಿಕ್ಕಮ್ಮನ ಮಾತು ಕೇಳುತ್ತ ನಾನು ಕುಳಿತಿರುವಾಗಲೇ ನಿರ್ದೇಶಕ ಕ್ರುಮ್ ವೆಲೆವ್ ಮೆಟ್ಟಿಲಿಳಿದು ಬರುತ್ತಾರೆ.

"ಚಿಕ್ಕಮ್ಮ, ಇವತ್ತು ಕೊಯ್ಯೋದು ಬೇಡ. ಗಟ್ಟಿ ದಂಡನೇ ಇರಲಿ. ಜನ ಹತ್ತಿದ್ರೆ ಹತ್ತಲಿ."

"ಆ ಹುಡುಗನ ಕೈ ನೋಡಿದ್ರಾ?"

"ಈ ಸಲ ಬೆಂಚು ಇಡಲ್ಲ, ಬಿಡಿ. ಜನ ಕಾದಂಬರೀನ ಎದೆಗೆ ಹಚ್ಕೊಂಡಿದ್ದಾರೆ, ಅದನ್ನ ನೋಡಿ ನೀವು."

ನಿರ್ದೇಶಕರ ಕಾಲ ಸದ್ದು ಮೇಲೇರಿ ಮರೆಯಾದ ಮೇಲೆ, ಚಿಕ್ಕಮ್ಮ ಗೋಡೆಗೆ ಆನಿಸಿದ್ದ ಗಟ್ಟಿ ದಂಡವನ್ನು ಎತ್ತಿಕೊಳ್ಳುತ್ತಾರೆ. ಕಾದಂಬರಿಯ ಕೊನೆಯಲ್ಲಿ ಒಬ್ಬಳು ಮುದುಕಿ ಮುರಿದ ದಂಡವನ್ನು ತಲೆವಸ್ತ್ರದ ಚೂರಿನಿಂದ ಕಟ್ಟುತ್ತಾಳೆ. ಆ ದೃಶ್ಯಕ್ಕೆ ಯಾರೂ ಕೂರುವುದಿಲ್ಲವೆಂದು ನಾಟಕದಿಂದ ಅದನ್ನು ಎಂದೋ ಕೈಬಿಟ್ಟಿದ್ದಾರೆ. ಅದನ್ನು ಮತ್ತೆ ಸೇರಿಸಬೇಕೆಂಬ ಆಸೆ ಇದೆಯೇ ಎಂದು ಕೇಳುತ್ತೇನೆ.

"ಅಷ್ಟು ದೊಡ್ಡ ಆಸೆ ಎಲ್ಲಿ ಬಂತು? ಅವತ್ತು ಅಷ್ಟು ಜನರಲ್ಲಿ ಒಬ್ಬರಾದ್ರೂ 'ಬೇಡ' ಅಂದಿದ್ರೆ ಸಾಕಿತ್ತು. ನನಗೂ ಬಾಯಿ ಬರಲಿಲ್ಲವಲ್ಲ," ಎನ್ನುತ್ತಾರೆ. ಊರ ಮೇಲೆ ನನಗಿದ್ದ ನಂಬಿಕೆಯೂ ಆ ಬೆಂಚಿನಡಿಯೇ ಎಲ್ಲೋ ಸಿಕ್ಕಿಕೊಂಡಿದೆ.

ಚಿಕ್ಕಮ್ಮ ಗಟ್ಟಿ ದಂಡವನ್ನೂ ಅಡಿಮೇಲು ಮಾಡಿ, ಎಂದಿಗಿಂತ ಆಳಕ್ಕೆ ಗರಗಸ ಎಳೆಯತೊಡಗುತ್ತಾರೆ.

"ಮೊದಲ ಅಂಕಕ್ಕೆ ಹಗುರದ ಕಾಗದದ ರೊಟ್ಟಿ ಇಡ್ತೀನಿ. ಕೈ ತಾಗಿದ್ರೆ ಮುರೀಬೇಕು, ಹಾಗೆ ಕೊಯ್ತೀನಿ. ಬೇಗ ಮುರಿದುಹೋದ್ರೆ ಯಾರೂ ಕುರ್ಚಿಯಿಂದ ಏಳೋದಿಲ್ಲ ನೋಡಿ."