ಬಾಗಿದ ಗೋಡೆ ಆಡಿದ ಮಾತು

ಗಡಗಡ, ಗಡಗಡ. ಕಾಂಕ್ರೀಟ್ ಮಿಕ್ಸರಿನ ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಎಪ್ಪತ್ತರ ದಶಕದಲ್ಲಿ, ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ದಾರಿಯಲ್ಲಿ ನಮ್ಮ ಶಾಲೆ ಕಟ್ಟುತ್ತಿದ್ದರು. ಮನಸ್ಸು ನೊಂದ, ಮನೆಯಲ್ಲಿ ನಿಲ್ಲದ ಹುಡುಗಿಯರ ಶಾಲೆ. ನಾನು ಅಲ್ಲಿಯ ಟೀಚರು, ಕಾನ್ವೆಂಟಿನಲ್ಲಿ ಓದಿದವಳು. ಯಾರಾದರೂ ವಿಚಿತ್ರದ ಕತೆ ಶುರುಮಾಡಿದರೆ "ನಾನ್ಸೆನ್ಸ್" ಎಂದು ಎದ್ದುಹೋಗುತ್ತಿದ್ದೆ. ಇದನ್ನು ಓದಿ ನೀವೂ ಹಾಗೆಂದರೆ ನನಗೆ ಬೇಸರವಿಲ್ಲ.

ಆರ್ಕಿಟೆಕ್ಟ್ ಇನ್ನೂ ತರುಣ. ಗೋಡೆಗೆ ಗಿಲಾವು ಬೇಡ, ಬಣ್ಣ ಬೇಡ, ಕಿಟಕಿಗೆ ಸರಳಂತೂ ಬೇಡವೇ ಬೇಡ ಎಂದ. ಊರವರು "ಇದೇನ್ರಿ, ಸಾಲಿನೋ ನೀರಿನ ಟಾಕಿನೋ?" ಎಂದು ನಗುತ್ತಿದ್ದರು. ಅಂಗಳವನ್ನು ಬಳಸಿ ಅರ್ಧಚಂದ್ರದಂತೆ ಬಾಗಿದ ಒಂದು ಗೋಡೆ. ಈ ತುದಿಯಲ್ಲಿ ಪಿಸುಗುಟ್ಟಿದರೆ ಆ ತುದಿಯಲ್ಲಿ ಸ್ಪಷ್ಟ ಕೇಳುತ್ತಿತ್ತು. ನಡುವಿನ ಮರೆಗಳಿಂದಾಗಿ ಕೂತವರು ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಮುಖ ನೋಡಿ ಮಾತಾಡಲಾರದ ಮಕ್ಕಳು ಗೋಡೆಗಾದರೂ ಹೇಳಿಕೊಳ್ಳಲಿ ಎಂಬುದು ಅವನ ಐಡಿಯಾ.

ಕೊಡಂಬಲದ ಹುಡುಗಿ ನೀಲಮ್ಮ, ತನ್ನ ತಾಯಿ ಸತ್ತಮೇಲೆ ಮಾತು ಬಿಟ್ಟಿದ್ದಳು. ದಿನವೂ ಊಟವಾದಮೇಲೆ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು. ನನಗೆ ಕೇಳುತ್ತಿದ್ದದ್ದು ಅವಳ ಉಸಿರು ಮಾತ್ರ.

ಒಂದು ಬೆಳಿಗ್ಗೆ ಅವಳ ಕಾಕಾ ಬಂದ. ಹುಲಸೂರಿನಲ್ಲಿ ಲಗ್ನ ಗೊತ್ತುಮಾಡಿದ್ದನಂತೆ. "ಮೂಕಿ ಏನ್ ಸಾಲಿ ಕಲಿತಾಳ್ರಿ? ಇಲ್ಲೇ ಇರ್ತೀನಿ ಅಂತ ಅಕಿ ಬಾಯಿಲೆ ಅನ್ಲಿ, ಬಿಟ್ಟು ಹೋಗ್ತೀನಿ. ಇಲ್ಲಾಂದ್ರ ಸಂಜಿಕ ಕರಕೊಂಡು ಹೋಗಾವ್ನೇ."

ಮಧ್ಯಾಹ್ನ ಗೋಡೆಯ ಬಳಿ ಕೂತು ಕೇಳಿದೆ: "ನೀಲಾ, ಕಾಕಾನ ಕೂಡ ಹೋಗ್ತೀಯೇನು?" ಗೋಡೆಗೆ ಕಿವಿಯಿಟ್ಟೆ. ಆಮೇಲೆ, ಕಿವಿಯ ಪಕ್ಕದಲ್ಲೇ ಅಂದಂತೆ: "ನಾ ಹೋಗಂಗಿಲ್ರಿ, ಅಕ್ಕೋರ."

ಎದ್ದು ಓಡಿದೆ. ಆ ತುದಿಯಲ್ಲಿ ಯಾರೂ ಇರಲಿಲ್ಲ.

ಹೋಗುವ ಹುಡುಗಿಗೆ ಬಳೆಯಾದರೂ ಇಡಿಸೋಣವೆಂದು, ಅಡುಗೆಯ ಗುರುಬಾಯಿ ನನಗೆ ಹೇಳದೆ, ಊಟಕ್ಕೂ ಮೊದಲೇ ನೀಲಾಳನ್ನು ಹರದಾರಿಯಾಚೆಯ ಮಾಣಿಕನಗರದ ಬಳೆ ಅಂಗಡಿಗೆ ಕರೆದೊಯ್ದಿದ್ದಳು. ಬಂದವಳೇ ಕೂಗಿದಳು: "ಬಾಯೋರ, ಹುಡುಗಿ ಮಾತಾಡ್ತ್ರಿ! ಬಳಿ ಇಡಿಸ್ಕೊಳ್ಳಾಕತ್ತಿತ್ತು, ಒಮ್ಮಿಂದೊಮ್ಮೆಲೆ 'ನಾ ಹೋಗಂಗಿಲ್ರಿ' ಅಂತು. ಬಳಿಗಾರ ಗಾಬರ್ಯಾಗಿ, 'ಹೋಗಬ್ಯಾಡ ಬಿಡವ್ವ, ನಾನೇನ್ ಕಳಸಾಕತ್ತೀನೇನು' ಅಂದ!"

ಸಂಜೆ ನೀಲಾ ಅದೇ ಮಾತನ್ನು ಕಾಕಾನ ಎದುರೂ ಅಂದಳು.  ಅವನು ರುಮಾಲು ಸರಿಮಾಡಿಕೊಂಡು, ಒಬ್ಬನೇ ಹೊರಟುಹೋದ.

ಗೋಡೆಯಲ್ಲಿ ಕೇಳಿದ್ದು ನನ್ನ ಭ್ರಮೆ, ಉಳಿದದ್ದು ಕೊಯಿನ್ಸಿಡೆನ್ಸ್ ಎಂದು ವರ್ಷಗಟ್ಟಲೆ ಸಮಾಧಾನ ಹೇಳಿಕೊಂಡೆ.

ನೀಲಾಳನ್ನು ಕೊನೆಯ ಸಲ ಕಂಡದ್ದು ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ. ನರ್ಸ್ ಆಗಿದ್ದಳು. ಬಸವಕಲ್ಯಾಣದ ಬಸ್ಸಿನ ಕಿಟಕಿಯಿಂದ ಬಾಗಿ ಕೇಳಿದಳು: "ಅಕ್ಕೋರ, ಅವತ್ತ ಬಳಿ ಅಂಗಡಿ ತನಕ ಬಂದು, ಹಿಂದ ನಿಂತು, ಹೋಗ್ತೀಯೇನು ಅಂತ ಕೇಳಿದ್ರಲ್ಲ. ನಾ ಹೊಳ್ಳಿ ನೋಡೂದ್ರಾಗ ಎಲ್ಲಿ ಹೋಗಿದ್ರಿ?"

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಅವಳು ಇನ್ನೂ ಕಿಟಕಿಯಿಂದ ನೋಡುತ್ತಲೇ ಇದ್ದಳು.