ಮಟಲೀನಾಳ ಭಾನುವಾರದ ಹೂಗಳು

ಸವಾಯಿ ದ್ವೀಪದ ನಮ್ಮೂರಿನ ಚರ್ಚಿನಲ್ಲಿ ಇಪ್ಪತ್ತೆರಡು ವರ್ಷ ಹೂವಿಟ್ಟವಳು ನನ್ನ ದೊಡ್ಡಮ್ಮ ಮಟಲೀನಾ. ಪಾದ್ರಿಯನ್ನು ತೆಗೆದುಹಾಕಿದ ಜಗಳದಲ್ಲಿ ಊರು ಎರಡು ಪಂಗಡವಾಗಿ ಕೋರ್ಟು ಹತ್ತಿತು. ತೀರ್ಪು ಬರುವವರೆಗೆ ಹಳೆ ಪಾದ್ರಿಯ ಕಡೆಯವರಿಗೆ ಬೆಳಿಗ್ಗೆ ಏಳರಿಂದ ಒಂಬತ್ತು, ಹೊಸ ಪಾದ್ರಿಯ ಕಡೆಯ ನಮಗೆ ಹತ್ತರಿಂದ ಹನ್ನೆರಡು ಎಂದು ನ್ಯಾಯಾಧೀಶರು ಹೊತ್ತು ಹಂಚಿದರು.

ಆ ಕಡೆ ಹೂವಿಡುವವಳು ದೊಡ್ಡಮ್ಮನ ಚಿಕ್ಕಪ್ಪನ ಮಗಳು ಸಿನಿವಾ.

ಮೊದಲ ಭಾನುವಾರವೇ ದೊಡ್ಡಮ್ಮನಿಗೆ ಹೊಟ್ಟೆ ಉರಿಯಿತು. ಮೇಜಿನ ಮೇಲೆ ಹಸಿರೆಲೆಗಳ ನಡುವೆ ಸಿನಿವಾ ಇಟ್ಟ ಕೆಂಪು ಶುಂಠಿ ಹೂ ನೆಟ್ಟಗೆ ನಿಂತಿದ್ದವು. ದೊಡ್ಡಮ್ಮ ಎಲ್ಲವನ್ನೂ ಬಾಚಿ ಹಿಂದಿನ ಬೇಲಿಗೆಸೆದು, ತನ್ನ ದೇವಕಣಗಿಲೆ ಜೋಡಿಸಿದಳು. ಪ್ರತಿ ವಾರ ಹೀಗೇ ನಡೆಯಿತು. ಕೊನೆಗೆ ನಮ್ಮ ಪಾದ್ರಿಯೇ, "ಮಟಲೀನಾ, ಇವತ್ತು ಆ ಹೂ ಹಾಗೇ ಇರ್ಲಿ ಬಿಡಮ್ಮ, ಚೆನ್ನಾಗಿವೆ," ಎಂದುಬಿಟ್ಟರು. ಆ ದಿನ ಅವಳು ಊಟ ಮುಟ್ಟಲಿಲ್ಲ.

ಮುಂದಿನ ವಿಚಾರಣೆಯಲ್ಲಿ ದೊಡ್ಡಮ್ಮ ಸಾಕ್ಷಿ ಹೇಳಿದಳು: "ತಮ್ಮ ಹೊತ್ತು ಮೀರಿದ್ರೂ ಸಿನಿವಾ ನಮಗೆ ಬಾಗಿಲು ತೆಗೆಯೋದಿಲ್ಲ ಸ್ವಾಮಿ. ನಮ್ಮ ಮುದುಕರು ಬಿಸಿಲಲ್ಲಿ ಕಾಯ್ತಾರೆ." ಅದು ಶುದ್ಧ ಸುಳ್ಳು. ನ್ಯಾಯಾಧೀಶರು ಕೇಳಿದಾಗ ಸಿನಿವಾ ದೊಡ್ಡಮ್ಮನತ್ತ ಒಮ್ಮೆ ನೋಡಿ, ಅಲ್ಲವೆನ್ನದೆ ಕೂತುಬಿಟ್ಟಳು. ಬೆಳಗಿನ ಹೊತ್ತು ನಮ್ಮದಾಯಿತು, ಅವರದು ಮಧ್ಯಾಹ್ನ ಮೂರಕ್ಕೆ ಹೋಯಿತು.

ತನ್ನ ಹೂಗಳನ್ನು ಸಿನಿವಾ ಎಸೆಯುವುದನ್ನು ಕಣ್ಣಾರೆ ನೋಡಬೇಕೆಂದು ದೊಡ್ಡಮ್ಮ ಆ ಭಾನುವಾರ ಕಿಟಕಿಯ ಬಳಿ ನಿಂತಳು. ಸಿನಿವಾ ಏನನ್ನೂ ಎಸೆಯಲಿಲ್ಲ. ನೀರು ಬದಲಿಸಿದಳು, ಬಾಡಿದ ಎರಡು ಹೂ ಕಿತ್ತಳು, ತನ್ನ ಎರಡು ಕೆಂಪು ಹೂ ನಡುವೆ ಸಿಕ್ಕಿಸಿದಳು. ಇಡೀ ಮೇಜಿಗೆ ಬೇರೆಯೇ ಕಳೆ ಬಂತು.

"ಎಸೆದಿದ್ರೆ ನಂಗೆ ಎಷ್ಟೋ ಸಮಾಧಾನ ಆಗ್ತಿತ್ತು ಕಣೇ," ಎಂದು ದೊಡ್ಡಮ್ಮ ನನ್ನೆದುರು ಅತ್ತಳು.

ಎರಡು ವರ್ಷಕ್ಕೆ ತೀರ್ಪು ಬಂತು. ಚರ್ಚು ನಮ್ಮ ಪಾಲಾಯಿತು, ಹಳೆಯ ದಾಖಲೆಪತ್ರಗಳ ಆಧಾರದ ಮೇಲೆ. ದೊಡ್ಡಮ್ಮನ ಮಾತನ್ನು ತೀರ್ಪಿನಲ್ಲಿ ಯಾರೂ ಎತ್ತಿರಲಿಲ್ಲ. ಆ ಕಡೆಯವರು ಕಡಲ ದಂಡೆಯಲ್ಲಿ ತೆಂಗಿನ ಗರಿ ಹೊದಿಸಿದ ಚಪ್ಪರ ಕಟ್ಟಿಕೊಂಡರು. ಒಂದು ಸಂಜೆ ದೊಡ್ಡಮ್ಮ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದಳು.

"ಸಿನಿವಾ, ಅವತ್ತು ಕೋರ್ಟಲ್ಲಿ ನಾನು ಸುಳ್ಳು ಹೇಳ್ದೆ."

"ಗೊತ್ತಕ್ಕ. ಬಾಗಿಲು ತೆಗೀತಿದ್ದವಳು ನಾನೇ ಅಲ್ವಾ?"

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ನಿನ್ನ ಮುಖ ನೋಡ್ದೆ. ಎರಡು ಹೂವಿಗೆ ಇಷ್ಟು ಸಂಕಟ ಪಡ್ತಾಳಲ್ಲ ಪಾಪ, ಅನ್ನಿಸ್ತು."

ದಾರಿಯುದ್ದಕ್ಕೂ ದೊಡ್ಡಮ್ಮ ಗೊಣಗಿದಳು. "ಪಾಪವಂತೆ! ಕ್ಷಮಿಸೋದ್ರಲ್ಲೂ ಅವಳೇ ಮೇಲಾಗ್ಬೇಕು ನೋಡು."

ಆದರೂ ಮರುವಾರ ಸಭೆಯ ನಡುವೆ ಎದ್ದು ನಿಂತು ಸುಳ್ಳನ್ನು ಒಪ್ಪಿಕೊಂಡಳು. ಹಿರಿಯರು ಹೂವಿನ ಕೆಲಸವನ್ನು ಅವಳಿಂದ ಕಿತ್ತು ಬೇರೊಬ್ಬಳಿಗೆ ಕೊಟ್ಟರು. ದೊಡ್ಡಮ್ಮ ಈಗ ಮೂರನೇ ಬೆಂಚಿನಲ್ಲಿ ಕೂರುತ್ತಾಳೆ. ಪ್ರಾರ್ಥನೆಯ ನಡುವೆ ನನ್ನ ಪಕ್ಕೆ ತಿವಿದು, "ಎಡಗಡೆ ವಾಲಿದೆ ನೋಡು," ಎನ್ನುತ್ತಾಳೆ.