ನಾಮಪದಗಳ ಬಗೆ ಕಲಿತ ವರ್ಷ

ಮಳೆಗಾಲ ಮುಗಿದಾಗಿನಿಂದ ಹೋಳಿಯವರೆಗೆ ಸಂಜೆ ಹೊತ್ತು ನನ್ನ ಕಿರಾಣಿ ಅಂಗಡಿಯ ಬಾಗಿಲು ಹಾಕುತ್ತಿದ್ದೆ. ಅದೇ ನಾನು ತೆತ್ತ ಬೆಲೆ. ಪುಣೆಯ ಧನಕವಡಿಯಲ್ಲಿ ಅಂಗಡಿ ಇಟ್ಟವರಿಗೆ ಗೊತ್ತು, ಫ್ಯಾಕ್ಟರಿಯ ಪಾಳಿ ಬಿಟ್ಟು ಜನ ಬರುವ ಆ ಹೊತ್ತಿಗೇ ನಿಜವಾದ ವ್ಯಾಪಾರ. ಅದನ್ನು ಬಿಟ್ಟು ಸ್ವಾರಗೇಟಿನ ಹತ್ತಿರದ ಒಂದು ಟ್ಯೂಷನ್ ಕೋಣೆಯಲ್ಲಿ ಕೂತು, ಇಂಗ್ಲಿಷಿನ ನಾಮಪದಗಳು ಎಷ್ಟು ಬಗೆ ಎಂದು ಒದರುತ್ತಿದ್ದೆ.

ಕಾರಣ ಮಗಳು. ಇಂಗ್ಲಿಷ್ ಶಾಲೆಗೆ ಸೇರಿಸುವಾಗ ಮಗುವಿನ ಜೊತೆ ತಾಯಿಯನ್ನೂ ಕೂರಿಸಿ ಮಾತಾಡಿಸುತ್ತಿದ್ದರು, ಇಂಗ್ಲಿಷಿನಲ್ಲೇ. ನಾನು ವಿಜಾಪುರದ ಕಡೆಯ ಹಳ್ಳಿಯಲ್ಲಿ ನಾಲ್ಕನೇ ಇಯತ್ತೆ ಓದಿದವಳು. ಮರಾಠಿಯನ್ನು ಗಿರಾಕಿಗಳೇ ಕಲಿಸಿದ್ದರು.

ಮಾಸ್ತರರು ನಮ್ಮ ಕಡೆಯವರೇ, ಹಗಲು ಕಾರಕೂನಿಕೆ. ಪುಣೆ ಪ್ರಾಪರ್ ನೌನ್, ಊರು ಕಾಮನ್ ನೌನ್, ಸಕ್ಕರೆ ಮಟೀರಿಯಲ್, ದನದ ಹಿಂಡು ಕಲೆಕ್ಟಿವ್, ಸಿಟ್ಟು ಆಬ್‌ಸ್ಟ್ರ್ಯಾಕ್ಟ್. ಅಂಗಡಿಯ ಡಬ್ಬಿ ನೋಡಿದರೆ ಸಾಕು, ಒಳಗಿರುವುದು ಯಾವ ನೌನ್ ಎಂದು ಹೇಳುವಷ್ಟಾದೆ.

"ಮಾಸ್ತರ, ಮಾತಾಡೂದು ಯಾವಾಗ ಕಲಸ್ತೀರಿ?"

"ಮದ್ಲ ಪಾಯಾ ಗಟ್ಟಿ ಆಗ್ಲಿ ತಂಗಿ. ಗ್ವಾಡಿನ ಇಲ್ಲದ ಮಾಳಗಿ ಏರ್ತಿ ಏನು?"

ಗೋಡೆ ಏಳಲೇ ಇಲ್ಲ.

ಸಂದರ್ಶನದ ದಿನ ಮುಖ್ಯೋಪಾಧ್ಯಾಯಿನಿ ನಗುತ್ತಲೇ ಕೇಳಿದರು, ಮಗಳು ಬೆಳಿಗ್ಗೆ ಏನು ತಿನ್ನುತ್ತಾಳೆ ಎಂದು. ಪ್ರಶ್ನೆ ತಿಳಿಯಿತು. "ಪೋಹೆ, ಮ್ಯಾಡಮ್" ಎಂದೆ, ಅಂದರೆ ನಮ್ಮ ಅವಲಕ್ಕಿ. ಅವರು ಕಾಯುತ್ತಿದ್ದರು. ಹಿಂದೆ ಮುಂದೆ ಜೋಡಿಸಲು ನನ್ನಲ್ಲಿ ಏನೂ ಇರಲಿಲ್ಲ. ಬಾಯಿಗೆ ಬಂದದ್ದು ಒಂದೇ: "ಮಟೀರಿಯಲ್ ನೌನ್." ಪಕ್ಕದಲ್ಲಿದ್ದ ಗುಮಾಸ್ತ ಕಿಸಕ್ಕೆಂದ. ಮಗಳು ಹಿಡಿದಿದ್ದ ನನ್ನ ಸೆರಗು ಬಿಟ್ಟಳು. ಸೀಟು ಸಿಗಲಿಲ್ಲ.

ಅವತ್ತೇ ಸಂಜೆ ನೆಟ್ಟಗೆ ಮಾಸ್ತರರ ಕೋಣೆಗೆ ಹೋದೆ. ನಡೆದದ್ದನ್ನೆಲ್ಲ ಕೇಳಿ ಆ ಪುಣ್ಯಾತ್ಮ ಅಂದದ್ದೇನು?

"ಉತ್ತರ ಬರೋಬ್ಬರಿನ ಅದ! ಪೋಹೆ ಮಟೀರಿಯಲ್ ನೌನೇ."

"ನನ್ನ ಮಗಳು ಮನ್ಯಾಗ ಕುಂತಾಳ, ಅದೂ ಬರೋಬ್ಬರಿ ಏನ್ರಿ? ನಾ ಹುಳಾ ಹತ್ತಿದ ಬ್ಯಾಳಿ ಕೊಟ್ರ ಗಿರಾಕಿ ನನ್ನ ಮಾರಿಗೆ ಒಗೀತಾರ. ನಿಮ್ಮ ಮಾರಿಗೆ ನಾ ಏನ್ ಒಗೀಲಿ?"

"ದನಿ ಇಳಸ್ರಿ ಅಕ್ಕಾರ. ಉಳದವರು ಕೇಳಾಕತ್ತಾರ."

ತಂಗಿ ಹೋಗಿ ಅಕ್ಕಾರ ಬಂದಿತ್ತು. ಎದುರಿನವನು ಮೆತ್ತಗಾದದ್ದು ನನಗೆ ಬೇಗ ಗೊತ್ತಾಗುತ್ತದೆ. ಫೀಸು ವಾಪಸು ಕೇಳಲಿಲ್ಲ. ಅದರಿಂದ ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮುಂದಿನ ಪ್ರವೇಶದವರೆಗೆ ಅವರೇ ಸಂಜೆ ಕ್ಲಾಸು ಮುಗಿಸಿ ಬಸ್ಸು ಹತ್ತಿ ನನ್ನ ಅಂಗಡಿಗೆ ಬರಬೇಕು, ಗಿರಾಕಿಯಂತೆ ನಿಂತು ಇಂಗ್ಲಿಷಿನಲ್ಲೇ ಕೇಳಬೇಕು, ಚೌಕಾಸಿ ಮಾಡಬೇಕು, ನಾನೂ ಇಂಗ್ಲಿಷಿನಲ್ಲೇ ಜಗಳಾಡಬೇಕು ಎಂದು ಹಟ ಹಿಡಿದೆ. ಬಸ್ಸಿನ ಟಿಕೆಟ್ಟೂ ಅವರದೇ. ಎಲ್ಲರ ಎದುರಿಗೆ ಒಪ್ಪಿದರು, ಬಂದರು.

ಮರುವರ್ಷ ಅದೇ ಮುಖ್ಯೋಪಾಧ್ಯಾಯಿನಿಯ ಮುಂದೆ ತಡವರಿಸುತ್ತಲೇ ಆದರೂ ಪೂರಾ ಮಾತಾಡಿದೆ. ಮಗಳಿಗೆ ಸೀಟು ಸಿಕ್ಕಿತು. ಆದರೆ ಅವಳು ತನಗಿಂತ ಚಿಕ್ಕವರ ನಡುವೆ ಕೂತಳು. ಆ ಒಂದು ವರ್ಷವನ್ನು ಯಾರ ಹತ್ತಿರ ಚೌಕಾಸಿ ಮಾಡಿ ತರಲಿ? ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ನೀವು ಟ್ಯೂಷನ್ನಿಗೆ ಸೇರುವ ಮೊದಲು ಒಂದು ದಿನ ಬಾಗಿಲಲ್ಲಿ ನಿಂತು ಕೇಳಿ. ಒಳಗೆ ಮಾಸ್ತರರ ದನಿಯೊಂದೇ ಕೇಳಿದರೆ ಚಪ್ಪಲಿ ಬಿಡಬೇಡಿ. ಕಲಿಯುವವರು ತಪ್ಪುತಪ್ಪಾಗಿಯಾದರೂ ಮಾತಾಡುತ್ತಿದ್ದರೆ ಒಳಗೆ ಹೋಗಿ. ಫೀಸನ್ನು ಮಾತ್ರ ತಿಂಗಳು ಮುಗಿದ ಮೇಲೇ ಕೊಡಿ.